‘ಏನಾದರೂ ಮಾಡಿ’ ಅಂದರೆ ಯಾರೂ ಏನೂ ಮಾಡುವುದಿಲ್ಲ

ಪ್ರಶ್ನೆ: ನಾನು ಮತ್ತು ನನ್ನ ಇಬ್ಬರು ಗೆಳತಿಯರು ಸೇರಿ 13ರಿಂದ 18 ವರ್ಷದವರಿಗೆ ವಾರಕ್ಕೊಂದು ದಿನ ಉಚಿತ ಡ್ಯಾನ್ಸ್ ಕ್ಲಾಸ್ ನಡೆಸುತ್ತಿದ್ದೇವೆ. ಮೂರು ತಿಂಗಳಾಯಿತು, 22 ಮಕ್ಕಳು ಬರುತ್ತಾರೆ. ರೀಲ್ಸ್ ನೋಡಿ ಕಲಿತ ಸ್ಟೆಪ್‌ಗಳನ್ನು ಚೆನ್ನಾಗಿಯೇ ಮಾಡುತ್ತಾರೆ. ಆದರೆ ‘ಈಗ ನಿಮಗೆ ಅನಿಸಿದ್ದು ಮಾಡಿ’ ಎಂದ ಕೂಡಲೇ ಕಲ್ಲಿನ ಹಾಗೆ ನಿಂತುಬಿಡುತ್ತಾರೆ, ಇಲ್ಲವೇ ನಕ್ಕು ತಪ್ಪಿಸಿಕೊಳ್ಳುತ್ತಾರೆ. ಒಬ್ಬ ಹುಡುಗಿಯಂತೂ ಒಂದು ವಾರವೂ ತಪ್ಪಿಸುವುದಿಲ್ಲ, ಆದರೆ ಗೋಡೆ ಬಿಟ್ಟು ಕದಲುವುದಿಲ್ಲ. ಇನ್ನು ಎರಡು ತಿಂಗಳಲ್ಲಿ ಒಂದು ಶೋ ಮಾಡಬೇಕೆಂದಿದ್ದೇವೆ. ನಾವೇ ಕೊರಿಯೋಗ್ರಫಿ ಮಾಡಿ ಕಲಿಸಿಬಿಡುವುದು ಒಳ್ಳೆಯದಾ? ಇವರಲ್ಲಿ ಸೃಜನಶೀಲತೆ ಇಲ್ಲವಾ, ಅಥವಾ ಹೊರಗೆ ತರುವುದು ನಮಗೆ ಗೊತ್ತಿಲ್ಲವಾ?

ಉತ್ತರ: ಎರಡೂ ಅಲ್ಲ. ನೀವು ಕೊಟ್ಟ ಕೆಲಸ ತೀರಾ ದೊಡ್ಡದಾಯಿತು, ಅಷ್ಟೇ.

‘ನಿಮಗೆ ಅನಿಸಿದ್ದು ಮಾಡಿ’ ಎನ್ನುವುದು ಸ್ವಾತಂತ್ರ್ಯ ಕೊಟ್ಟ ಹಾಗೆ ಕೇಳಿಸುತ್ತದೆ. ಎದುರಿಗೆ ನಿಂತವರಿಗೆ ಮಾತ್ರ ಅದು ಪರೀಕ್ಷೆ. ಅದೂ ಸಿಲಬಸ್ ಇಲ್ಲದ ಪರೀಕ್ಷೆ. ನಿಮ್ಮನ್ನೇ 22 ಜನರ ಮುಂದೆ ನಿಲ್ಲಿಸಿ ‘ಏನಾದರೂ ಮಾತಾಡಿ’ ಅಂದರೆ? ಬಾಯಿ ಕಟ್ಟುತ್ತದೆ. ಅದೇ ‘ಇವತ್ತು ಬರುವಾಗ ದಾರಿಯಲ್ಲಿ ಕಂಡ ನಾಯಿಯ ಬಗ್ಗೆ ಮೂರು ಮಾತು ಹೇಳಿ’ ಅಂದರೆ ಹೇಳಿಬಿಡುತ್ತೀರಿ. ನಾಯಿ ಕಂಡಿರದಿದ್ದರೂ ಒಂದನ್ನು ಹುಟ್ಟಿಸಿಕೊಂಡು ಹೇಳುತ್ತೀರಿ! ನಿಮ್ಮ ಮಕ್ಕಳಿಗೆ ಬೇಕಾಗಿರುವುದು ಆ ನಾಯಿ. ಅಂದರೆ ಸಣ್ಣದಾದ, ಗೆರೆ ಎಳೆದುಕೊಟ್ಟ ಒಂದು ಕೆಲಸ.

ಇನ್ನು ವಯಸ್ಸು ನೋಡಿ. ಹದಿನಾಲ್ಕು ಹದಿನೈದರಲ್ಲಿ ‘ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ’ ಅನ್ನುವ ಭಾವನೆ ಮೈತುಂಬಾ ಇರುತ್ತದೆ. ಕೈ ಉದ್ದ ಆಯಿತು, ದನಿ ಒಡೆಯಿತು, ಬಟ್ಟೆ ಬಿಗಿ ಆಯಿತು. ಆ ಮೈಯನ್ನು ನಡು ಜಾಗಕ್ಕೆ ತಂದು, ತನ್ನದೇ ಏನನ್ನೋ ತೋರಿಸು ಅನ್ನುತ್ತೀರಿ. ರೀಲ್ಸ್ ಸ್ಟೆಪ್ ಮಾಡುವಾಗ ತಪ್ಪಾದರೆ ‘ಸ್ಟೆಪ್ ಕಷ್ಟ ಇತ್ತು’ ಅನ್ನಬಹುದು. ತನ್ನದೇ ಸ್ಟೆಪ್ ಕೆಟ್ಟರೆ ಏನನ್ನುವುದು? ಅವರು ನಗುವುದು ಅದಕ್ಕೇ. ಆ ನಗುವನ್ನು ಅಶಿಸ್ತು ಅಂದುಕೊಂಡು ಗದರಬೇಡಿ.

ನಾನು ಇದನ್ನು ಕಲಿತದ್ದು ಪೆಟ್ಟು ತಿಂದೇ. ಮೊದಲ ಪ್ರಾಜೆಕ್ಟ್‌ನಲ್ಲಿ 30 ಮಕ್ಕಳು, ಮೂರು ತಿಂಗಳು. ಒಂದೊಂದು ಬೆರಳು ಎಲ್ಲಿರಬೇಕು ಅಂತ ನಾನೇ ಹೇಳಿಕೊಟ್ಟಿದ್ದೆ. ಶೋ ದಿನ ನಾಲ್ಕನೇ ನಿಮಿಷಕ್ಕೆ ಸ್ಪೀಕರ್ ಕೈಕೊಟ್ಟಿತು. ಸಂಗೀತ ನಿಂತಿತು. ಮೂವತ್ತೂ ಮಕ್ಕಳು ನಿಂತರು. ಮೂವತ್ತೂ ಮುಖ ವೇದಿಕೆಯ ಪಕ್ಕದ ಮರೆಯಲ್ಲಿ, ಸೈಡ್ ವಿಂಗ್‌ನಲ್ಲಿದ್ದ ನನ್ನ ಕಡೆಗೆ ತಿರುಗಿದವು. ಮುಂದೇನು ಅನ್ನುವುದು ಅವರಿಗೆ ಗೊತ್ತಿತ್ತು. ಆದರೆ ಮುಂದುವರಿಸಬಹುದು ಅನ್ನುವುದು ಗೊತ್ತಿರಲಿಲ್ಲ. ಯಾಕೆಂದರೆ ಅಷ್ಟು ದಿನದಲ್ಲಿ ಒಂದೇ ಒಂದು ತೀರ್ಮಾನವನ್ನೂ ನಾನು ಅವರಿಗೆ ಬಿಟ್ಟಿರಲಿಲ್ಲ. ಪ್ರೇಕ್ಷಕರು ಪಾಪ, ಚಪ್ಪಾಳೆ ತಟ್ಟಿದರು. ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಹಾಗಾಗಿ ಸೃಜನಶೀಲತೆ ಅನ್ನುವ ಭಾರೀ ಪದವನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. ಅದರ ಬದಲು ಒಂದು ಸರಳ ಲೆಕ್ಕ ಇಟ್ಟುಕೊಳ್ಳಿ: ಇವತ್ತಿನ ಕ್ಲಾಸಿನಲ್ಲಿ ಒಬ್ಬೊಬ್ಬ ಹುಡುಗ, ಹುಡುಗಿ ಎಷ್ಟು ತೀರ್ಮಾನ ತೆಗೆದುಕೊಂಡರು? ಎಡಗಾಲಾ, ಬಲಗಾಲಾ? ನಿಲ್ಲಬೇಕಾ, ಕೂರಬೇಕಾ? ಮೊದಲು ಇದಾ, ಅದಾ? ಈ ಲೆಕ್ಕ ಏರುತ್ತಾ ಹೋದರೆ ಉಳಿದದ್ದು ತಾನಾಗಿ ಬರುತ್ತದೆ.

ರೀಲ್ಸ್ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ಅದರ ಬಗ್ಗೆ ಒಂದು ನಿಟ್ಟುಸಿರು ಕೇಳಿಸಿತು. ಬೇಡ. ನಕಲು ಮಾಡುವುದು ಕೆಟ್ಟದ್ದೇನಲ್ಲ, ಅದು ಮೊದಲ ಮೆಟ್ಟಿಲು. ಹಿಪ್‌ಹಾಪ್ ಹೇಗೆ ಹುಟ್ಟಿತು ನೋಡಿ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಸೆಡ್ಜ್‌ವಿಕ್ ಅವೆನ್ಯೂ 1520 ಎಂಬ ವಸತಿ ಕಟ್ಟಡದಲ್ಲಿ ಒಂದು ಪಾರ್ಟಿ. ಹಾಡು ಹಾಕುತ್ತಿದ್ದವರು ಡಿಜೆ ಕೂಲ್ ಹರ್ಕ್, ಆಗ ಅವರಿಗೆ ಬರೀ 18 ವರ್ಷ. ಹಾಡಿನ ನಡುವೆ ಬರುವ ಬರೀ ತಾಳದ ಭಾಗಕ್ಕಾಗಿಯೇ ಕುಣಿಯುವವರು ಕಾಯುತ್ತಾರೆ ಅನ್ನುವುದನ್ನು ಅವರು ಗಮನಿಸಿದ್ದರು. ಆ ತುಣುಕನ್ನೇ, ಆ ‘ಬ್ರೇಕ್’ ಅನ್ನೇ, ಎರಡು ರೆಕಾರ್ಡ್ ಇಟ್ಟುಕೊಂಡು ಉದ್ದ ಮಾಡತೊಡಗಿದರು. ಆ ಬ್ರೇಕ್‌ಗೆ ಕುಣಿದವರು ಬಿ-ಬಾಯ್, ಬಿ-ಗರ್ಲ್‌ಗಳಾದರು. ಮೇಷ್ಟ್ರಿಲ್ಲ, ಕನ್ನಡಿಯಿಲ್ಲ, ಸಿಲಬಸ್ಸಿಲ್ಲ. ಅದೇ ಬ್ರೇಕಿಂಗ್ 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ವರೆಗೆ ಹೋಯಿತು.

ಅಲ್ಲಿನ ಒಂದು ಕಟ್ಟುಪಾಡು ನಿಮಗೆ ತುಂಬಾ ಉಪಯೋಗಕ್ಕೆ ಬರುತ್ತದೆ. ‘ಸಿಕ್ಸ್ ಸ್ಟೆಪ್’ನಂಥ ಅಡಿಪಾಯದ ಸ್ಟೆಪ್‌ಗಳನ್ನು ಎಲ್ಲರೂ ಎಲ್ಲರಿಂದಲೂ ಕಲಿಯುತ್ತಾರೆ. ಅದರಲ್ಲಿ ನಾಚಿಕೆ ಇಲ್ಲ. ಆದರೆ ಇನ್ನೊಬ್ಬರ ಸ್ವಂತ ಮೂವ್ ಅನ್ನು ಹಾಗೆ ಹಾಗೇ ಎತ್ತಿ ತಂದರೆ ‘ಬೈಟಿಂಗ್’ ಅನ್ನುತ್ತಾರೆ, ಕಚ್ಚಿದೆ ಅಂತ. ಅದು ಅವಮಾನ. ಎತ್ತಿಕೊಂಡದ್ದನ್ನು ತಿರುಚಿ, ನಿನ್ನದೇನಾದರೂ ಸೇರಿಸಿ ತಂದರೆ ಸೈ. ಕಲಿ, ಆಮೇಲೆ ತಿರುಚು. ಈ ಮಾತನ್ನು ನಿಮ್ಮ ಮಕ್ಕಳಿಗೆ ಹಾಗೆಯೇ ಹೇಳಿ. ಅವರಿಗೆ ನಮ್ಮ ನಿಮ್ಮ ಉಪದೇಶಕ್ಕಿಂತ ಇದು ಬೇಗ ಅರ್ಥವಾಗುತ್ತದೆ.

ತಿರುಚುವುದು ಹೇಗೆ? ಅವರಿಗೆ ಚೆನ್ನಾಗಿ ಬರುವ ಒಂದು ರೀಲ್‌ನಿಂದ ಎಂಟು ಕೌಂಟ್ ಆರಿಸಿ, ಅಂದರೆ ತಾಳಕ್ಕೆ ಒಂದರಿಂದ ಎಂಟು ಎಣಿಸುವಷ್ಟು ಉದ್ದದ ತುಣುಕು. ಹಾಡು ಆಫ್ ಮಾಡಿ. ಈಗ ಅದೇ ಎಂಟು ಕೌಂಟನ್ನು ಕುರ್ಚಿಯಲ್ಲಿ ಕೂತು ಮಾಡಲಿ. ಕಾಲಿನ ಕೆಲಸವನ್ನೆಲ್ಲ ಕೈಗೆ ವರ್ಗಾಯಿಸಬೇಕು. ಹೇಗೆ ಅನ್ನುವುದನ್ನು ನೀವು ಹೇಳಬೇಡಿ. ಆಮೇಲೆ ಅದನ್ನೇ 32 ಕೌಂಟ್‌ಗೆ ಎಳೆಯಲಿ, ಜೇನುತುಪ್ಪದೊಳಗೆ ಕೈಯಾಡಿಸಿದಷ್ಟು ನಿಧಾನವಾಗಿ. ಆಮೇಲೆ ಹಿಂದಿನಿಂದ ಮುಂದಕ್ಕೆ. ಆಮೇಲೆ ಕೈ ಎರಡೂ ಜೇಬಿನಲ್ಲಿ, ಬರೀ ಭುಜ ಮತ್ತು ಸೊಂಟ. ಹತ್ತು ನಿಮಿಷದಲ್ಲಿ ಅದು ರೀಲ್ ಆಗಿ ಉಳಿದಿರುವುದಿಲ್ಲ. ಇಪ್ಪತ್ತೆರಡು ಮಂದಿಯ ಮೈಯಲ್ಲಿ ಇಪ್ಪತ್ತೆರಡು ಥರ ಇರುತ್ತದೆ. ‘ಇದು ಯಾರ ಸ್ಟೆಪ್?’ ಅಂತ ಆಗ ಕೇಳಿ ನೋಡಿ.

ಹೀಗೆ ತಿರುಚುವುದಕ್ಕೆ ಒಂದು ವ್ಯಾಕರಣ ಬೇಕು ಅನಿಸಿದರೆ ರುಡಾಲ್ಫ್ ಲಾಬಾನ್ (1879–1958) ಹತ್ತಿರ ಹೋಗಿ. ನೃತ್ಯದಲ್ಲಿ, ಚಲನೆಯ ಅಧ್ಯಯನದಲ್ಲಿ ಜರ್ಮನಿಯಲ್ಲಿ ದೊಡ್ಡ ಹೆಸರು ಮಾಡಿದ್ದ ಮನುಷ್ಯ, ನಾಜಿಗಳ ಕಾಲದಲ್ಲಿ ಅಲ್ಲಿರಲಾಗದೆ 1938ರಲ್ಲಿ ಇಂಗ್ಲೆಂಡಿಗೆ ಬಂದರು. ಯುದ್ಧದ ದಿನಗಳಲ್ಲಿ ಅವರು ಮಾಡಿದ ಕೆಲಸ ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು: ಕಾರ್ಖಾನೆಗಳಲ್ಲಿ ಕಾರ್ಮಿಕರು ಹೇಗೆ ಎತ್ತುತ್ತಾರೆ, ಹೇಗೆ ತಳ್ಳುತ್ತಾರೆ, ಎಲ್ಲಿ ಸುಸ್ತಾಗುತ್ತಾರೆ ಅಂತ ನೋಡುವುದು. ಯಾವುದೇ ಚಲನೆಯನ್ನು ಅವರು ನಾಲ್ಕು ಪ್ರಶ್ನೆಗಳಿಂದ ಅಳೆದರು. ಭಾರವಾಗಿದೆಯಾ, ಹಗುರವಾಗಿದೆಯಾ? ಥಟ್ಟನೆಯದಾ, ನಿಧಾನದ್ದಾ? ನೇರವಾಗಿದೆಯಾ, ಸುತ್ತಿಬಳಸಿ ಹೋಗುತ್ತದಾ? ಹಿಡಿತದಲ್ಲಿದೆಯಾ, ಹರಿಯಬಿಟ್ಟಿದೆಯಾ? ಇದರಲ್ಲಿ ಮೊದಲ ಮೂರನ್ನು ಬೆರೆಸಿದರೆ ಎಂಟು ಮೂಲ ಕ್ರಿಯೆಗಳು ಸಿಗುತ್ತವೆ: ಗುದ್ದುವುದು, ಒತ್ತುವುದು, ಬೀಸುವುದು, ಹಿಂಡುವುದು, ತಟ್ಟುವುದು, ಕೊಡವುವುದು, ತೇಲುವುದು, ಜಾರುವುದು. ನೋಡಿ, ಎಂಟೂ ಮನೆಯಲ್ಲಿ ದಿನಾ ಮಾಡುವ ಕೆಲಸಗಳೇ. ಒದ್ದೆ ಬಟ್ಟೆ ಹಿಂಡುವುದು ಯಾರಿಗೆ ಗೊತ್ತಿಲ್ಲ? ಈ ಪದಗಳನ್ನು ಚೀಟಿಯಲ್ಲಿ ಬರೆದು ಡಬ್ಬಿಯಲ್ಲಿಡಿ. ‘ನಿಮ್ಮ ಎಂಟು ಕೌಂಟ್ ತಗೊಳ್ಳಿ, ಈಗ ಅದನ್ನು ಹಿಂಡಿ’ ಅನ್ನಿ. ಹದಿನಾರರ ಹುಡುಗರಿಗೆ ‘ಭಾವ ತುಂಬಿ’ ಅಂದರೆ ಕಣ್ಣು ತಿರುಗಿಸುತ್ತಾರೆ. ‘ಹಿಂಡಿ’ ಅಂದರೆ ಹಿಂಡುತ್ತಾರೆ. 1948ರಲ್ಲಿ ಲಾಬಾನ್ ಬರೆದ ಶಾಲಾ ನೃತ್ಯದ ಪುಸ್ತಕ ಇಂಗ್ಲೆಂಡಿನ ಎಷ್ಟೋ ಕ್ಲಾಸ್‌ರೂಮ್‌ಗಳನ್ನು ಹೊಕ್ಕಿತು. ಅದಕ್ಕೆ ಇದೇ ಕಾರಣ ಅಂತ ನನ್ನ ಅನಿಸಿಕೆ. ಅಲ್ಲಿ ಸ್ಟೆಪ್ ಬರಬೇಕೆಂಬ ಹಂಗಿಲ್ಲ.

ಒಬ್ಬ ಹುಡುಗನ ಕಥೆ ಹೇಳಬೇಕು. ಹದಿನಾರು ವರ್ಷ. ಎರಡು ಕ್ಲಾಸ್ ಬಂದು ಮೂರನೆಯದಕ್ಕೆ ಬಾಗಿಲಲ್ಲೇ ನಿಂತ. ‘ಸರ್, ನಂಗೆ ಡ್ಯಾನ್ಸ್ ಬರಲ್ಲ, ಫ್ರೆಂಡ್ ಜೊತೆ ಬಂದಿದ್ದೆ’ ಅಂದ. ಅವತ್ತಿನ ಕೆಲಸ ‘ಭಾರವಾದದ್ದನ್ನು ಎತ್ತುವುದು’. ಉಳಿದವರೆಲ್ಲ ಮುಖ ಸಿಂಡರಿಸಿ, ಬೆನ್ನು ಬಗ್ಗಿಸಿ, ನಾಟಕದ ಭಾರ ಎತ್ತುತ್ತಿದ್ದರು. ಇವನು ಬಾಗಿಲಲ್ಲೇ ನಿಂತು ನಕ್ಕ. ‘ಹಾಗೆ ಎತ್ತಿದ್ರೆ ಬೆನ್ನು ಹೋಗುತ್ತೆ’ ಅಂದ. ರಜಾದಿನಗಳಲ್ಲಿ ಅವನು ಚಿಕ್ಕಪ್ಪನ ಜೊತೆ ಮನೆ ಸಾಮಾನು ಸಾಗಿಸುವ ಕೆಲಸಕ್ಕೆ ಹೋಗುತ್ತಿದ್ದನಂತೆ. ತೋರಿಸು ಅಂದೆ. ಮಂಡಿ ಬಗ್ಗಿಸಿದ. ಪೆಟ್ಟಿಗೆಯನ್ನು ಮೊದಲು ಮಂಡಿಗೆ ತಂದ. ಅಲ್ಲಿಂದ ತೊಡೆಗೆ. ಒಂದು ಸಣ್ಣ ಉಸಿರು. ಆಮೇಲೆ ಸೊಂಟದ ಒಂದೇ ಒಂದು ತಿರುವಿಗೆ ಅದು ಭುಜದ ಮೇಲಿತ್ತು. ಕತ್ತು ತಾನಾಗಿ ಇನ್ನೊಂದು ಕಡೆ ವಾಲಿತ್ತು. ಪೆಟ್ಟಿಗೆ ಇರಲೇ ಇಲ್ಲ, ಆದರೂ ಎಲ್ಲರಿಗೂ ಕಂಡಿತು.

‘ಎಷ್ಟು ಕೌಂಟ್?’ ಅಂತ ಒಬ್ಬಳು ಕೇಳಿದಳು. ಅವಳಿಗೆ ಎಲ್ಲವೂ ಎಂಟು. ಅವನು ಸ್ವಲ್ಪ ಯೋಚಿಸಿ, ‘ಮೂರು. ಮಧ್ಯೆ ಒಂದು ಉಸಿರು’ ಅಂದ.

ಆ ಮಧ್ಯಾಹ್ನ ಪೂರ್ತಿ ಅವನೇ ಮೇಷ್ಟ್ರು. ಉಸಿರು ತೆಗೆದುಕೊಳ್ಳುವ ಜಾಗ ತಪ್ಪಿದರೆ ‘ಬಿತ್ತು, ನಿನ್ನ ಡಬ್ಬಿ ಬಿತ್ತು’ ಅಂತ ರೇಗಿಸುತ್ತಿದ್ದ. ಆಮೇಲೆ ಅದನ್ನು ನಾವು ತಿರುಚಿದೆವು. ನೆಲದ ಮೇಲೆ ಮಲಗಿ ಎತ್ತಿದೆವು. ಇಬ್ಬರು ಒಂದೇ ಪೆಟ್ಟಿಗೆ ಎತ್ತಿದರು. ಒಬ್ಬಳು ಎತ್ತಿದ್ದನ್ನು ಇಳಿಸಲು ಜಾಗ ಸಿಗದೆ ಇಡೀ ಕೋಣೆ ಸುತ್ತಿದಳು. ಅದೇ ಕೊನೆಗೆ ಶೋನ ನಡುಭಾಗವಾಯಿತು. ಹುಡುಗ ಆಮೇಲೂ ‘ನಂಗೆ ಡ್ಯಾನ್ಸ್ ಬರಲ್ಲ’ ಅನ್ನುತ್ತಲೇ ಇದ್ದ, ಒಂದು ಕ್ಲಾಸೂ ತಪ್ಪಿಸಲಿಲ್ಲ ಅಷ್ಟೇ.

ನಿಮ್ಮ 22 ಮಂದಿಯ ಮೈಯಲ್ಲೂ ಇಂಥದ್ದು ಇದ್ದೇ ಇರುತ್ತದೆ. ಒಬ್ಬ ಗೋಲ್‌ಕೀಪರ್ ಇರುತ್ತಾನೆ. ಒಬ್ಬಳು ಪುಟ್ಟ ತಮ್ಮನನ್ನು ಸೊಂಟದ ಮೇಲಿಟ್ಟುಕೊಂಡೇ ಹೋಮ್‌ವರ್ಕ್ ಮಾಡುವವಳಿರುತ್ತಾಳೆ. ‘ಡ್ಯಾನ್ಸ್ ಮಾಡು’ ಅನ್ನಬೇಡಿ. ‘ನಿನಗೆ ಚೆನ್ನಾಗಿ ಗೊತ್ತಿರುವ ಒಂದು ಕೆಲಸ ತೋರಿಸು, ವಸ್ತು ಇಲ್ಲದೆ’ ಅನ್ನಿ.

ನಾಚಿಕೆ ಜಾಸ್ತಿ ಇರುವ ಗ್ರೂಪ್‌ಗೆ ನನ್ನ ಹತ್ತಿರ ಇನ್ನೊಂದು ಉಪಾಯ ಇದೆ: ದಾಳ. ಅಮೆರಿಕದ ಕೊರಿಯೋಗ್ರಾಫರ್ ಮರ್ಸ್ ಕನಿಂಗ್‌ಹ್ಯಾಮ್ (1919–2009) 1950ರ ದಶಕದ ಆರಂಭದಿಂದಲೇ ನಾಣ್ಯ ಚಿಮ್ಮಿ ಯಾವ ಮೂವ್‌ಮೆಂಟ್ ಆದಮೇಲೆ ಯಾವುದು ಅಂತ ತೀರ್ಮಾನಿಸುತ್ತಿದ್ದರು. ತನ್ನ ಅಭ್ಯಾಸದ ಜಾಡಿನಿಂದ ಹೊರಗೆ ಬರುವುದಕ್ಕೆ ಅವರಿಗೆ ಅದು ಬೇಕಿತ್ತು. ನಿಮ್ಮ ಮಕ್ಕಳಿಗೆ ಅದು ಬೇರೆಯದೇ ಕಾರಣಕ್ಕೆ ಬೇಕು. ದಾಳ ಹೇಳಿದ್ದಕ್ಕೆ ಮಾಡಿದೆ ಅಂದರೆ ಮರ್ಯಾದೆ ಉಳಿಯುತ್ತದೆ! ನಾಲ್ಕು ಜನರ ಗುಂಪು ಮಾಡಿ. ಒಂದೊಂದು ಗುಂಪು ಆರು ಮೂವ್ ಆರಿಸಿ ನಂಬರ್ ಹಾಕಲಿ. ಐದು ಸಲ ದಾಳ ಎಸೆದು ಬಂದ ಸಾಲನ್ನೇ ಮಾಡಲಿ. ಮೂರು, ಮೂರು, ಒಂದು, ಆರು, ಮೂರು. ‘ಛೇ, ಮೂರು ಇಷ್ಟು ಸಲ ಬಂದರೆ ಬೋರು, ಕೊನೇದನ್ನು ಬದಲಾಯಿಸೋಣ’ ಅಂತ ಯಾರೋ ಒಬ್ಬರು ಅಂದೇ ಅನ್ನುತ್ತಾರೆ. ಅಲ್ಲಿಗೆ ನಿಮ್ಮ ಕೆಲಸ ಆಯಿತು. ಅವರು ಈಗ ಕೊರಿಯೋಗ್ರಫಿ ಮಾಡುತ್ತಿದ್ದಾರೆ, ಅದು ಅವರಿಗೆ ಗೊತ್ತಿಲ್ಲ. ಬದಲಾಯಿಸಿಕೊಳ್ಳಲಿ ಬಿಡಿ.

ಕೋಣೆಯ ಬಗ್ಗೆ ನಾಲ್ಕು ಮಾತು. ಕನ್ನಡಿ ಇದ್ದರೆ ಅದಕ್ಕೆ ಬೆನ್ನು ಮಾಡಿಸಿ, ಅಥವಾ ಬಟ್ಟೆ ಇಳಿಬಿಡಿ. ಕನ್ನಡಿ ಮುಂದೆ ಯಾರೂ ಹುಡುಕುವುದಿಲ್ಲ, ತಿದ್ದಿಕೊಳ್ಳುತ್ತಾರೆ. ‘ಅರ್ಧ ಮಂದಿ ಮಾಡಿ, ಅರ್ಧ ಮಂದಿ ನೋಡಿ’ ಅನ್ನುವುದನ್ನು ಮೊದಲ ಎರಡು ಮೂರು ವಾರ ಮಾಡಲೇಬೇಡಿ. ಎಲ್ಲರೂ ಒಟ್ಟಿಗೆ ಮಾಡುತ್ತಿದ್ದರೆ ಯಾರೂ ಯಾರನ್ನೂ ನೋಡುವುದಿಲ್ಲ. ಫೋನ್‌ಗಳು ಒಂದು ಬುಟ್ಟಿಯಲ್ಲಿರಲಿ, ನಿಮ್ಮದೂ ಸೇರಿ. ಅರ್ಧಂಬರ್ಧ ಹುಡುಕಾಟ ಯಾರದೋ ಸ್ಟೇಟಸ್ ಆಗಿಬಿಟ್ಟರೆ ಆ ಮಗು ಮತ್ತೆ ಬರುವುದಿಲ್ಲ. ವಿಡಿಯೋ ಬೇಕೇ ಬೇಕಾದರೆ ಮಕ್ಕಳ ಒಪ್ಪಿಗೆ, ಮನೆಯವರ ಒಪ್ಪಿಗೆ ಎರಡೂ ಬೇಕು. ಮುಟ್ಟುವ ವಿಷಯದಲ್ಲಂತೂ ತುಂಬಾ ಎಚ್ಚರ. ‘ನಿನ್ನ ಭುಜ ಹಿಡಿದು ತೋರಿಸಲಾ?’ ಅಂತ ಪ್ರತಿ ಸಲ ಕೇಳಿ, ಬೇಡ ಅನ್ನುವುದು ಸಲೀಸಾಗಿರಲಿ. ಒಬ್ಬ ಮಗುವಿನ ಜೊತೆ ಒಬ್ಬರೇ ದೊಡ್ಡವರು ಮುಚ್ಚಿದ ಕೋಣೆಯಲ್ಲಿ ಇರುವುದು ಬೇಡ. ನೀವು ಮೂವರಿದ್ದೀರಿ, ಅದು ಅನುಕೂಲ. ನೆಲ ಸಿಮೆಂಟಿನದಾದರೆ ಜಿಗಿತ ಕಡಿಮೆ ಮಾಡಿ. ಮಂಡಿ, ಕಣಕಾಲು ಈ ವಯಸ್ಸಿನಲ್ಲಿ ಬೆಳೆಯುತ್ತಿರುತ್ತವೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ನಾವೇ ಕೊರಿಯೋಗ್ರಫಿ ಮಾಡಿಬಿಡೋಣವಾ?

ಇದರ ಬಗ್ಗೆ ಸಮುದಾಯ ನೃತ್ಯದವರ, ಅಂದರೆ ವೃತ್ತಿಪರರಲ್ಲದ ಸಾಮಾನ್ಯ ಜನರ ಜೊತೆ ನೃತ್ಯ ಕಟ್ಟುವವರ ನಡುವೆ ಯಾವತ್ತೂ ಜಗಳ ಇದ್ದದ್ದೇ. ಒಂದು ಕಡೆಯವರಿಗೆ ಮಕ್ಕಳು ಹುಡುಕಿದ್ದೇ ಮುಖ್ಯ, ಶೋ ಹೇಗಾದರೂ ಇರಲಿ. ಇನ್ನೊಂದು ಕಡೆ ಬ್ರಿಟನ್ನಿನ ಕೊರಿಯೋಗ್ರಾಫರ್ ರಾಯ್ಸ್ಟನ್ ಮಾಲ್ಡೂಮ್ ಥರದವರು. 2003ರಲ್ಲಿ ಬರ್ಲಿನ್‌ನಲ್ಲಿ ಅವರು ಸುಮಾರು 250 ಶಾಲಾ ಮಕ್ಕಳಿಂದ ಸಂಗೀತ ಸಂಯೋಜಕ ಸ್ಟ್ರಾವಿನ್‌ಸ್ಕಿಯ ‘ರೈಟ್ ಆಫ್ ಸ್ಪ್ರಿಂಗ್’ ಎಂಬ ಬ್ಯಾಲೆ ಕೃತಿ ಮಾಡಿಸಿದರು. ಸೈಮನ್ ರ‍್ಯಾಟಲ್ ನೇತೃತ್ವದ ಬರ್ಲಿನ್ ಫಿಲ್‌ಹಾರ್ಮೋನಿಕ್ ವಾದ್ಯವೃಂದ ನುಡಿಸಿತು. ಮುಂದಿನ ವರ್ಷ ಅದರ ಮೇಲೊಂದು ಸಾಕ್ಷ್ಯಚಿತ್ರವೂ ಬಂತು. ಮಕ್ಕಳಲ್ಲಿ ತುಂಬಾ ಮಂದಿ ಡ್ಯಾನ್ಸ್ ಕಲಿತವರಲ್ಲ, ಎಷ್ಟೋ ಮಂದಿ ಬೇರೆ ಬೇರೆ ದೇಶಗಳಿಂದ ಬಂದ ಕುಟುಂಬದವರು. ಆ ಮಕ್ಕಳ ಜೊತೆ ಮಾಲ್ಡೂಮ್ ಮುದ್ದುಮುದ್ದಾಗಿ ನಡೆದುಕೊಳ್ಳಲಿಲ್ಲ. ಮೊದಲು ಸುಮ್ನೆ ನಿಲ್ಲುವುದನ್ನು ಕಲಿಸಿದರು, ಮಾತಿಲ್ಲದೆ, ನಗುವಿಲ್ಲದೆ. ನೀವು ದೊಡ್ಡದನ್ನು ಮಾಡಬಲ್ಲಿರಿ ಅಂತ ನಂಬಿ, ದೊಡ್ಡದನ್ನೇ ಕೇಳಿದರು. ಅದನ್ನು ನೋಡಿದ ಕೆಲವು ಶಿಕ್ಷಕರಿಗೆ ಇದು ಜಾಸ್ತಿಯಾಯಿತು ಅನಿಸಿತ್ತು. ನನಗೆ ಹಾಗನಿಸಲಿಲ್ಲ. ಮಕ್ಕಳಿಂದ ಕಡಿಮೆ ನಿರೀಕ್ಷಿಸುವುದೂ ಒಂದು ಥರದ ಅವಮಾನವೇ.

ಇನ್ನೊಂದು ಉದಾಹರಣೆ ಜರ್ಮನಿಯದ್ದೇ. ಅಲ್ಲಿನ ಕೊರಿಯೋಗ್ರಾಫರ್ ಪೀನಾ ಬಾಷ್ 1978ರಲ್ಲಿ ‘ಕೊಂಟಾಕ್ಟ್‌ಹೋಫ್’ ಎಂಬ ಕೃತಿ ಮಾಡಿದರು. ಗಂಡು ಹೆಣ್ಣು ಒಬ್ಬರನ್ನೊಬ್ಬರು ಹುಡುಕುವ, ತಳ್ಳುವ, ನಾಚುವ, ನೋಯಿಸುವ ಒಂದು ಡ್ಯಾನ್ಸ್ ಹಾಲ್. 2000ದಲ್ಲಿ ಅದನ್ನೇ 65 ದಾಟಿದ ಸಾಮಾನ್ಯ ಜನರಿಂದ ಮಾಡಿಸಿದರು. 2008ರಲ್ಲಿ ತಮ್ಮ ತಂಡವಿದ್ದ ವುಪರ್ಟಾಲ್ ನಗರದ ಶಾಲೆಗಳ ಹದಿಹರೆಯದವರಿಂದ. ಕೃತಿ ಒಂದೇ, ಸ್ಟೆಪ್ ಮೊದಲೇ ಗೊತ್ತುಮಾಡಿದ್ದು. ಆದರೆ ಹದಿನೈದರ ಹುಡುಗ ಒಬ್ಬ ಹುಡುಗಿಯ ಕೆನ್ನೆ ಮುಟ್ಟುವುದಕ್ಕೂ, ಎಪ್ಪತ್ತರ ಮನುಷ್ಯ ಮುಟ್ಟುವುದಕ್ಕೂ ಎಲ್ಲಿಂದೆಲ್ಲಿಗೆ ವ್ಯತ್ಯಾಸ! ಸ್ಟೆಪ್ ನಿಮ್ಮದಾದ ಮಾತ್ರಕ್ಕೆ ಮಕ್ಕಳದ್ದೇನೂ ಉಳಿಯುವುದಿಲ್ಲ ಅಂತಲ್ಲ, ಅದಕ್ಕೇ ಇದನ್ನು ಹೇಳಿದೆ. ಇಷ್ಟಕ್ಕೂ ಪೀನಾ ಬಾಷ್ ಹೊಸ ಕೃತಿ ಕಟ್ಟುವಾಗ ತಮ್ಮ ಕಲಾವಿದರಿಗೆ ಸ್ಟೆಪ್ ಕೊಡುವ ಬದಲು ಪ್ರಶ್ನೆ ಕೇಳುತ್ತಿದ್ದರು. ಉತ್ತರ ಮಾತಿನಲ್ಲಿ ಬರಬಹುದು, ಒಂದು ಸನ್ನೆಯಲ್ಲಿ ಬರಬಹುದು. ಬಂದದ್ದರಲ್ಲಿ ತುಂಬಾ ಭಾಗ ಬಿಟ್ಟುಹೋಗುತ್ತಿತ್ತು.

ನನ್ನ ಸಲಹೆ ಹೀಗಿದೆ. ಚೌಕಟ್ಟು ನಿಮ್ಮದು, ಒಳಗಿನದ್ದು ಅವರದ್ದು. ಎಲ್ಲಿಂದ ಬರುವುದು, ಎಲ್ಲಿಗೆ ಹೋಗುವುದು, ಎಷ್ಟು ಹೊತ್ತು, ಯಾವಾಗ ಎಲ್ಲರೂ ಒಟ್ಟಿಗೆ ನಿಲ್ಲುವುದು, ಇವನ್ನೆಲ್ಲ ನೀವು ಗಟ್ಟಿಯಾಗಿ ಹಿಡಿಯಿರಿ. ಒಂದು ಭಾಗವನ್ನು ನೀವೇ ಮಾಡಿ ಕಲಿಸಿ, ಎಲ್ಲರೂ ಒಂದೇ ಸಮ ಮಾಡುವ ಒಂದೂವರೆ ನಿಮಿಷ. ಅದರಲ್ಲಿ ಒಂದು ಖುಷಿಯಿದೆ, ಅದನ್ನು ಯಾಕೆ ಕಸಿಯಬೇಕು? ಉಳಿದದ್ದು ಗುಂಪುಗಳದ್ದು. ಹತ್ತು ನಿಮಿಷ ಮೀರದ ಶೋ ಸಾಕು. ನಿಮಗೆ ಉಳಿದಿರುವುದು ಎಂಟು ಕ್ಲಾಸ್. ಮೊದಲ ನಾಲ್ಕರಲ್ಲಿ ಹುಡುಕಾಟ. ಐದನೆಯದರಲ್ಲಿ ಆರಿಸುವುದು. ಆಮೇಲೆ ಹೊಸದೇನೂ ಬೇಡ, ಬರೀ ಜೋಡಿಸಿ ತಿದ್ದುವುದು. ಕೊನೆಯ ವಾರ ಒಬ್ಬ ಅದ್ಭುತವಾದ ಐಡಿಯಾ ತರುತ್ತಾನೆ, ತಂದೇ ತರುತ್ತಾನೆ. ‘ಮುಂದಿನ ಸಲ’ ಅನ್ನಿ.

ಹಾಡಿನ ಬಗ್ಗೆಯೂ ಅಷ್ಟೇ. ಹಾಡು ಕೊನೆಗೆ ಬರಲಿ. ಮೊದಲೇ ಹಾಕಿದರೆ ಆ ಹಾಡಿನ ವಿಡಿಯೋದಲ್ಲಿ ನೋಡಿದ ಸ್ಟೆಪ್ಪೇ ಮೈಗೆ ಬರುತ್ತದೆ.

ಗುಂಪುಗಳು ಒಂದಕ್ಕೊಂದು ತೋರಿಸುವ ದಿನ ಒಂದು ಅಪಾಯ ಇದೆ. ‘ಸೂಪರ್’ ಅಥವಾ ‘ಬೋರು’, ಇವೆರಡೇ ಮಾತು ಕೇಳಿಸುವುದು. ಎರಡರಿಂದಲೂ ಉಪಯೋಗವಿಲ್ಲ. ಅಮೆರಿಕದ ಲಿಜ್ ಲೆರ್ಮನ್ 1976ರಲ್ಲಿ ಡ್ಯಾನ್ಸ್ ಎಕ್ಸ್‌ಚೇಂಜ್ ಎಂಬ ತಂಡ ಕಟ್ಟಿದವರು, ವಯಸ್ಸಾದವರನ್ನೂ ವೃತ್ತಿಪರರ ಜೊತೆ ಕುಣಿಸಿದವರು. ಪ್ರತಿಕ್ರಿಯೆ ಕೊಡುವುದಕ್ಕೆ ಅವರು ರೂಪಿಸಿದ ನಾಲ್ಕು ಹೆಜ್ಜೆಗಳನ್ನು ನಾನು ಎಲ್ಲ ಕಡೆ ಬಳಸುತ್ತೇನೆ. ಮೊದಲು ನೋಡಿದವರು ತಮಗೆ ಯಾವುದು ನೆನಪಿನಲ್ಲಿ ಉಳಿಯಿತು, ಯಾವುದು ತಟ್ಟಿತು ಅನ್ನುವುದನ್ನಷ್ಟೇ ಹೇಳಬೇಕು. ಆಮೇಲೆ ಮಾಡಿದವರು ನೋಡಿದವರನ್ನು ಕೇಳಬೇಕು. ಮೂರನೆಯದಾಗಿ ನೋಡಿದವರು ಪ್ರಶ್ನೆ ಕೇಳಬಹುದು, ಆದರೆ ಪ್ರಶ್ನೆಯೊಳಗೆ ತೀರ್ಪು ಬಚ್ಚಿಟ್ಟಿರಬಾರದು. ‘ಯಾಕೆ ಅಷ್ಟು ಉದ್ದ ಮಾಡಿದ್ರಿ?’ ಪ್ರಶ್ನೆಯಲ್ಲ, ಬೈಗುಳ. ‘ಆ ಭಾಗ ಎಷ್ಟು ಹೊತ್ತು ಇರಬೇಕು ಅಂತ ಹೇಗೆ ತೀರ್ಮಾನ ಮಾಡಿದ್ರಿ?’ ಅದು ಪ್ರಶ್ನೆ. ಕೊನೆಯದು ಅಭಿಪ್ರಾಯ, ಅದೂ ‘ಇದರ ಬಗ್ಗೆ ನನಗೊಂದು ಅಭಿಪ್ರಾಯ ಇದೆ, ಹೇಳಲಾ?’ ಅಂತ ಕೇಳಿ. ಬೇಡ ಅಂದರೆ ಬೇಡ. ಮೊದಲ ಸಲ ಕೃತಕ ಅನಿಸುತ್ತದೆ, ಮಕ್ಕಳು ಅಣಕಿಸುತ್ತಾರೆ. ಮೂರನೆಯ ಸಲಕ್ಕೆ ಅವರೇ ‘ಏಯ್, ಅದು ಪ್ರಶ್ನೆಯಲ್ಲ, ಬೈಗುಳ’ ಅಂತ ಒಬ್ಬರನ್ನೊಬ್ಬರು ಹಿಡಿಯುತ್ತಾರೆ.

ಪೋಷಕರಿಗೆ, ಜಾಗ ಕೊಟ್ಟವರಿಗೆ ‘ಇದರಿಂದ ಏನು ಲಾಭ?’ ಅಂತ ವಿವರಿಸಬೇಕಾಗಿ ಬರುತ್ತದೆ. ಆಗ ದೊಡ್ಡ ದೊಡ್ಡ ಮಾತು ಆಡಬೇಡಿ. ಡ್ಯಾನ್ಸ್ ಮಾಡಿದರೆ ಮಾರ್ಕ್ಸ್ ಜಾಸ್ತಿ ಬರುತ್ತದೆ ಅಂತ ಯಾರಿಗೂ ಮಾತು ಕೊಡಬೇಡಿ. ಗಟ್ಟಿಯಾಗಿ ಹೇಳಬಹುದಾದ ಒಂದು ಸಂಗತಿ ಇದೆ. ಸ್ವೀಡನ್‌ನಲ್ಲಿ 13ರಿಂದ 18 ವರ್ಷದ 112 ಹುಡುಗಿಯರ ಮೇಲೆ ಒಂದು ಅಧ್ಯಯನ ನಡೆಯಿತು. ಮತ್ತೆ ಮತ್ತೆ ತಲೆನೋವು, ಹೊಟ್ಟೆನೋವು, ಬೇಸರ, ಒತ್ತಡ ಅಂತ ಶಾಲೆಯ ನರ್ಸ್ ಹತ್ತಿರ ಬರುತ್ತಿದ್ದವರು ಅವರು. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಎಂಟು ತಿಂಗಳು ವಾರಕ್ಕೆರಡು ಸಲ ಡ್ಯಾನ್ಸ್. ಚೆನ್ನಾಗಿ ಮಾಡಬೇಕೆಂಬ ಒತ್ತಡವಿಲ್ಲ, ಖುಷಿಯೇ ಮುಖ್ಯ. ನಮ್ಮ ಆರೋಗ್ಯ ಉತ್ತಮವಾಗಿದೆ ಅಂತ ಆ ಗುಂಪಿನವರು ಹೇಳಿದರು. ಕ್ಲಾಸ್ ಮುಗಿದು ತಿಂಗಳುಗಳಾದರೂ ಆ ವ್ಯತ್ಯಾಸ ಉಳಿದಿತ್ತು. ಗಮನಿಸಿ, ಅದು ಆರೋಗ್ಯದ ಅಳತೆ, ಸೃಜನಶೀಲತೆಯದಲ್ಲ. ಎರಡನ್ನೂ ಬೆರೆಸಿ ಹೇಳಬೇಡಿ. ಒತ್ತಡವಿಲ್ಲದ ಕೋಣೆಗೆ ಮಕ್ಕಳು ಮತ್ತೆ ಮತ್ತೆ ಬರುತ್ತಾರೆ, ಬಂದರೆ ತಾನೇ ಉಳಿದದ್ದು?

ಕೊನೆಗೆ ಗೋಡೆ ಹತ್ತಿರದ ಹುಡುಗಿ. ನಿಮ್ಮ ಪತ್ರದಲ್ಲಿ ನನಗೆ ಅವಳೇ ಕಣ್ಣಿಗೆ ಕಟ್ಟಿದ್ದು. ಒಂದು ವಾರವೂ ತಪ್ಪಿಸುವುದಿಲ್ಲ ಅಂದಿರಿ. ಅಂದರೆ ಅವಳು ಹೊರಗಿಲ್ಲ. ನೋಡುತ್ತಿದ್ದಾಳೆ. ಇಂಥವಳೊಬ್ಬಳು ನನ್ನ ಹತ್ತಿರವೂ ಇದ್ದಳು. ಐದು ವಾರ ಹಾಡು ಹಾಕುವ, ನಿಲ್ಲಿಸುವ ಕೆಲಸ ಬಿಟ್ಟು ಬೇರೇನೂ ಮಾಡಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಆರನೇ ವಾರ ಮೂರು ಗುಂಪುಗಳ ತುಣುಕುಗಳನ್ನು ಹೇಗೆ ಜೋಡಿಸುವುದು ಅಂತ ನಾವು ಒದ್ದಾಡುತ್ತಿದ್ದೆವು. ಅವಳು ಸ್ಪೀಕರ್ ಪಕ್ಕದಿಂದಲೇ, ಸಣ್ಣ ದನಿಯಲ್ಲಿ, ‘ಪೆಟ್ಟಿಗೆ ಎತ್ತೋದನ್ನು ಆ ಕಡೆಯಿಂದ ಶುರು ಮಾಡಿದ್ರೆ ಇವರಿಗೆ ದಾರಿ ಸಿಗುತ್ತೆ’ ಅಂದಳು. ಮಾಡಿ ನೋಡಿದೆವು. ಸರಿಯಾಗಿ ಕೂತಿತು. ‘ಮತ್ತೆ?’ ಅಂತ ಕೇಳಿದೆ. ಅವಳ ಹತ್ತಿರ ಇಡೀ ಶೋನ ಕ್ರಮ ಇತ್ತು. ಯಾರು ಎಲ್ಲಿ ಡಿಕ್ಕಿ ಹೊಡೆಯುತ್ತಾರೆ, ಯಾರು ಯಾವಾಗ ಮರೆಯುತ್ತಾರೆ ಎಲ್ಲ. ಐದು ವಾರ ಅವಳಷ್ಟು ಗಮನ ಕೊಟ್ಟು ನೋಡಿದವರು ಆ ಕೋಣೆಯಲ್ಲಿ ಇನ್ನೊಬ್ಬರಿರಲಿಲ್ಲ, ನಾನೂ ಸೇರಿ. ಶೋ ದಿನವೂ ಅವಳು ಕುಣಿಯಲಿಲ್ಲ. ವಿಂಗ್‌ನಲ್ಲಿ ನಿಂತು ಒಬ್ಬೊಬ್ಬರ ಭುಜ ತಟ್ಟಿ ‘ಈಗ ಹೋಗು’ ಅನ್ನುತ್ತಿದ್ದಳು.

ನಿಮ್ಮ ಹುಡುಗಿಯೂ ಹಾಗೇ ಆಗುತ್ತಾಳೆ ಅಂತಲ್ಲ. ಒಂದು ದಿನ ತಾನಾಗಿ ನಡುವಿಗೆ ಬರಬಹುದು, ಬರದೆಯೂ ಇರಬಹುದು. ಹೆಸರು ಹಿಡಿದು ಎಲ್ಲರ ಮುಂದೆ ಕರೆಯಬೇಡಿ. ಮುಂದಿನ ಕ್ಲಾಸಿನಲ್ಲಿ ದಾಳದ ಆಟ ಆಡಿಸುವಾಗ ದಾಳವನ್ನು ಅವಳ ಕೈಗೆ ಕೊಡಿ, ‘ನೀನು ಎಸೀತೀಯಾ, ನಂಬರ್ ಕೂಗ್ತೀಯಾ?’ ಅಂತ ಕೇಳಿ.